ರಕ್ತಪಿಶಾಚಿಗೆ ನಿಯಮ ಬರೆದವರು ಯಾರು?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹದಿಮೂರರಿಂದ ಹದಿನೇಳು ವರ್ಷದವರಿಗಾಗಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಪ್ರಥಮ ಪಿಯುಸಿ ಓದುವ ಹುಡುಗಿ ಕಥೆಯ ನಾಯಕಿ. ಹಿಂದಿನ ಮಳೆಗಾಲದಲ್ಲಿ ಅವಳ ಅಣ್ಣ ಜ್ವರ ಬಂದು ತೀರಿಕೊಂಡಿದ್ದಾನೆ. ಅವನ ಚಪ್ಪಲಿಯನ್ನು ಜಗುಲಿಯಿಂದ ತೆಗೆಯಲು ಅಜ್ಜಿ ಬಿಡುವುದಿಲ್ಲ. ಅವಳ ಕಾಲೇಜಿಗೆ ರುಮೇನಿಯಾದಿಂದ ಬಂದ ಹುಡುಗನೊಬ್ಬ ಸೇರುತ್ತಾನೆ. ಅವನು ಡ್ರಾಕುಲಾ ವಂಶದ, ನೂರೈವತ್ತು ವರ್ಷ ವಯಸ್ಸಿನ ವ್ಯಾಂಪೈರ್. ಇಬ್ಬರ ನಡುವೆ ಪ್ರೀತಿ ಮೂಡುತ್ತದೆ. ಅವನು ಹಗಲಿನಲ್ಲೂ ಓಡಾಡುವುದನ್ನು ಕರಡಿನಲ್ಲಿ ಓದಿದ ಸಹೋದ್ಯೋಗಿಯೊಬ್ಬರು, ‘ವ್ಯಾಂಪೈರ್ ಬಿಸಿಲಿಗೆ ಬೂದಿಯಾಗಬೇಕು, ನಿಯಮವೇ ಗೊತ್ತಿಲ್ಲದೆ ಬರೆದಿದ್ದೀರಿ’ ಎಂದರು. ಇನ್ನೊಬ್ಬರು, ಪೋರ್ಫಿರಿಯಾ ಎಂಬ ಕಾಯಿಲೆಯಿಂದಲೇ ಈ ನಂಬಿಕೆ ಹುಟ್ಟಿದ್ದು, ಅದನ್ನೇ ಕೊನೆಯಲ್ಲಿ ವೈಜ್ಞಾನಿಕ ವಿವರಣೆಯಾಗಿ ಕೊಡಿ ಎಂದರು. ಡ್ರಾಕುಲಾ ಹೆಸರು ಬಳಸಿದರೆ ಕಾನೂನಿನ ತೊಡಕು ಬರುತ್ತದೆಯೇ? ಪರದೇಶದ ಪಿಶಾಚಿಯನ್ನು ಬಿಟ್ಟು ನಮ್ಮ ಬೇತಾಳನನ್ನೋ ಮೋಹಿನಿಯನ್ನೋ ತರಬೇಕೇ? ಮಕ್ಕಳಲ್ಲಿ ಮೌಢ್ಯ ಬಿತ್ತಿದಂತಾಗುತ್ತದೆಯೇ ಎಂಬ ಹೆದರಿಕೆಯೂ ನನಗಿದೆ.

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ಅವುಗಳ ಬುಡದಲ್ಲಿರುವ ಅಳುಕು ಒಂದೇ ಎಂದು ನನಗೆ ತೋರುತ್ತದೆ. ಈ ಜೀವಿಯ ಬಗ್ಗೆ ಎಲ್ಲೋ ಒಂದು ಅಧಿಕೃತ ಶಾಸ್ತ್ರವಿದೆ, ಅದನ್ನು ಓದದೆ ಕೈಹಾಕಿ ತಪ್ಪು ಮಾಡುತ್ತಿದ್ದೇನೆ ಎಂಬ ಅಳುಕು ಅದು. ಹದಿಹರೆಯದವರಿಗಾಗಿ ಬರೆದ ಹಸ್ತಪ್ರತಿಗಳನ್ನು ಇಪ್ಪತ್ತು ವರ್ಷಗಳಿಂದ ಓದಿ ತಿದ್ದುತ್ತ ಬಂದಿರುವ ನಾನು ಇದನ್ನು ಅನೇಕ ಲೇಖಕರಲ್ಲಿ ಕಂಡಿದ್ದೇನೆ. ಅಂಥ ಶಾಸ್ತ್ರವೇನೂ ಇಲ್ಲ. ಇರುವುದು ಮುನ್ನೂರು ವರ್ಷಗಳಲ್ಲಿ ಒಂದರ ಮೇಲೊಂದು ಕೂತ ಪದರಗಳು ಮಾತ್ರ. ಯಾವ ಪದರ ಯಾವ ಕಾಲದ್ದೆಂದು ತಿಳಿದುಕೊಂಡರೆ, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ನಿಮ್ಮ ಕೈಗೇ ಬರುತ್ತದೆ.

ಮೊದಲು ಬಿಸಿಲಿನ ವಿಷಯ. ಸೂರ್ಯನ ಬೆಳಕು ತಾಗಿದೊಡನೆ ವ್ಯಾಂಪೈರ್ ಕರಗಿಹೋಗುವುದು 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’ವಿನ ಕೊನೆಯ ದೃಶ್ಯದಿಂದ ಬಂದದ್ದು. ಅದಕ್ಕೂ ಇಪ್ಪತ್ತೈದು ವರ್ಷ ಮೊದಲು, 1897ರಲ್ಲಿ ಪ್ರಕಟವಾದ ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಕಾದಂಬರಿಯಲ್ಲಿ ಕೌಂಟ್ ಡ್ರಾಕುಲಾ ಲಂಡನ್ನಿನ ಪಿಕಡಿಲಿ ಬೀದಿಯಲ್ಲಿ ಹಾಡಹಗಲಿನಲ್ಲಿ ಕಾಣಿಸಿಕೊಳ್ಳುತ್ತಾನೆ. ಹಗಲಿನಲ್ಲಿ ಅವನ ಶಕ್ತಿ ಕುಂದುತ್ತದೆಯೇ ಹೊರತು ಅವನು ಸಾಯುವುದಿಲ್ಲ. ಇನ್ನೂ ಅಚ್ಚರಿಯ ಸಂಗತಿಯೆಂದರೆ, ಆ ಕಾದಂಬರಿಯ ಕೊನೆಯಲ್ಲಿ ಅವನನ್ನು ಮುಗಿಸುವುದು ಮರದ ಗೂಟವಲ್ಲ, ಎರಡು ಕತ್ತಿಗಳು, ಅವುಗಳಲ್ಲಿ ಒಂದು ಗೂರ್ಖಾಗಳ ಕುಕ್ರಿ. ಆದ್ದರಿಂದ ಮಲೆನಾಡಿನ ಆಷಾಢದ ಮಬ್ಬು ಹಗಲಿನಲ್ಲಿ ಛತ್ರಿ ಹಿಡಿದು ಕಾಲೇಜಿಗೆ ಬರುವ ನಿಮ್ಮ ಹುಡುಗ ಯಾವ ನಿಯಮವನ್ನೂ ಮುರಿದಿಲ್ಲ. ನಿಮ್ಮ ಸಹೋದ್ಯೋಗಿ ಹೇಳಿದ್ದು ಸಿನಿಮಾದ ನಿಯಮ. ವ್ಯಾಂಪೈರ್ ಬಿಳಿಚಿಕೊಂಡ, ಚೆಲುವಾದ, ದೊಡ್ಡ ಮನೆತನದ ಯುವಕನಾಗಿರಬೇಕು ಎಂಬುದೂ ಸಾಹಿತ್ಯ ಕಟ್ಟಿದ ರೂಪವೇ. ಜಾನ್ ಪೊಲಿಡೊರಿ ಎಂಬ ಯುವ ವೈದ್ಯ 1819ರಲ್ಲಿ ಪ್ರಕಟವಾದ ತನ್ನ ಕಥೆಯಲ್ಲಿ ಆ ಜೀವಿಗೆ ಇಂಗ್ಲಿಷ್ ಶ್ರೀಮಂತನ ಉಡುಪು ತೊಡಿಸಿದ ಮೇಲೆ, ಅವನ ನಂತರ ಬಂದವರೆಲ್ಲ ಆ ಉಡುಪನ್ನೇ ಹೊಲಿಯುತ್ತ ಹೋದರು.

ಈ ಉಡುಪುಗಳನ್ನೆಲ್ಲ ಕಳಚಿದರೆ ಕೆಳಗೆ ಸಿಗುವುದು ಸೆರ್ಬಿಯಾದ ಹಳ್ಳಿಗಳು. 1718ರ ಒಪ್ಪಂದದಂತೆ ಉತ್ತರ ಸೆರ್ಬಿಯಾ ಒಟ್ಟೊಮನ್ ತುರ್ಕರ ಕೈತಪ್ಪಿ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ದೊರೆಗಳ ವಶಕ್ಕೆ ಬಂತು. ವಿಯೆನ್ನಾದಿಂದ ಬಂದ ಅಧಿಕಾರಿಗಳು ಹಳ್ಳಿಗರು ಬಹುಕಾಲದಿಂದ ಮಾಡಿಕೊಂಡು ಬಂದಿದ್ದ ಕೆಲಸವೊಂದನ್ನು ಕಾಗದದ ಮೇಲೆ ದಾಖಲಿಸಿದರು. 1725ರಲ್ಲಿ ಕಿಸಿಲ್ಯೆವೊ ಎಂಬ ಹಳ್ಳಿಯಲ್ಲಿ ಪೆಟಾರ್ ಬ್ಲಾಗೊಯೆವಿಚ್ ಎಂಬ ರೈತ ತೀರಿಕೊಂಡ. ಅವನನ್ನು ಹೂಳಿ ಹತ್ತು ವಾರವಾದ ಮೇಲೆ, ಸುಮಾರು ಒಂದು ವಾರದೊಳಗೆ ಒಂಬತ್ತು ಮಂದಿ ಒಂದೊಂದು ದಿನದ ಕಾಯಿಲೆಯಲ್ಲಿ ಸತ್ತರು. ಪೆಟಾರ್ ಬಂದು ತಮ್ಮ ಕುತ್ತಿಗೆ ಹಿಸುಕಿದ ಎಂದು ಸಾಯುವ ಮುನ್ನ ಅವರು ಹೇಳಿದರಂತೆ. ಅವನ ಹೆಂಡತಿ ಹೇಳಿದ ಮಾತು ಬೇರೆ: ರಾತ್ರಿ ಗಂಡ ಮನೆಗೆ ಬಂದು ತನ್ನ ಚಪ್ಪಲಿ ಕೊಡು ಎಂದು ಕೇಳಿದನಂತೆ. ಆಮೇಲೆ ಅವಳು ಊರನ್ನೇ ಬಿಟ್ಟು ಹೋದಳು. ಫ್ರೊಂಬಾಲ್ಡ್ ಎಂಬ ಅಧಿಕಾರಿ ಮೇಲಿನವರ ಅನುಮತಿ ಬರಲಿ ಎಂದರೂ, ಅಷ್ಟರಲ್ಲಿ ಊರೇ ಹಾಳಾಗುತ್ತದೆ, ನಾವು ಗುಳೆ ಹೋಗುತ್ತೇವೆ ಎಂದು ಹಳ್ಳಿಗರು ಹಟ ಹಿಡಿದರು. ಗೋರಿ ಅಗೆದಾಗ ದೇಹ ಕೆಟ್ಟಿರಲಿಲ್ಲ, ಗಡ್ಡ ಮತ್ತು ಉಗುರು ಬೆಳೆದಿದ್ದವು, ಹಳೆಯ ಚರ್ಮ ಸುಲಿದು ಕೆಳಗೆ ಹೊಸದು ಕಾಣುತ್ತಿತ್ತು, ಬಾಯಲ್ಲಿ ರಕ್ತವಿತ್ತು. ಎದೆಗೆ ಗೂಟ ಹೊಡೆದು ದೇಹವನ್ನು ಸುಟ್ಟರು. ಫ್ರೊಂಬಾಲ್ಡ್ ಬರೆದ ವರದಿ ಅದೇ ವರ್ಷದ ಜುಲೈನಲ್ಲಿ ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾಯಿತು. ಏಳು ವರ್ಷಗಳ ನಂತರ, 1732ರ ಜನವರಿಯಲ್ಲಿ, ಮೆದ್ವೆಜಾ ಎಂಬ ಇನ್ನೊಂದು ಹಳ್ಳಿಯಿಂದ ಸೇನಾ ವೈದ್ಯ ಯೊಹಾನೆಸ್ ಫ್ಲೂಕಿಂಗರ್ ಬರೆದ ವರದಿ ಯುರೋಪಿನಾದ್ಯಂತ ಹಬ್ಬಿ, ವ್ಯಾಂಪೈರ್ ಎಂಬ ಪದವನ್ನೂ ತನ್ನೊಡನೆ ಕೊಂಡೊಯ್ದಿತು.

ಅಧಿಕಾರಿಗಳು ಸುಳ್ಳು ಬರೆಯಲಿಲ್ಲ, ಹಳ್ಳಿಗರು ಕಣ್ಣಾರೆ ಕಂಡದ್ದೂ ಸುಳ್ಳಲ್ಲ. ಹೂತ ದೇಹದೊಳಗಿನ ಸೂಕ್ಷ್ಮಜೀವಿಗಳು ಅನಿಲ ಹುಟ್ಟಿಸುವುದರಿಂದ ಹೊಟ್ಟೆ ಮತ್ತು ಎದೆ ಉಬ್ಬುತ್ತವೆ. ಆ ಒತ್ತಡಕ್ಕೆ ಶ್ವಾಸಕೋಶದ ಕೆಂಗಪ್ಪು ದ್ರವ ಮೂಗು ಬಾಯಿಗಳಿಗೆ ಬರುತ್ತದೆ. ಮೇಲಿನ ಚರ್ಮ ಕಳಚಿಕೊಂಡಾಗ ಕೆಳಗಿನ ಕೆಂಪು ಪದರ ಎಳೆಯ ಚರ್ಮದಂತೆ ತೋರುತ್ತದೆ. ಬೆರಳಿನ ಚರ್ಮ ಒಣಗಿ ಹಿಂದೆ ಸರಿದಾಗ ಉಗುರು ಬೆಳೆದಂತೆ ಕಾಣುತ್ತದೆ. ಗೂಟ ಹೊಡೆದಾಗ ಒಳಗಿನ ಗಾಳಿ ಗಂಟಲಿನಿಂದ ಹೊರಬಿದ್ದು ನರಳಿದ ಸದ್ದಾಗುತ್ತದೆ. ಬದುಕಿದ್ದಷ್ಟು ಕಾಲ ಒಣಕಲಾಗಿದ್ದ ಮುದುಕಿಯೊಬ್ಬಳು ಗೋರಿಯಲ್ಲಿ ಮೈ ತುಂಬಿಕೊಂಡಿದ್ದಳು ಎಂದು ಮೆದ್ವೆಜಾದ ವರದಿಯಲ್ಲಿದೆ. ಅವಳನ್ನು ಬಲ್ಲವರಿಗೆ ಅದನ್ನು ಕಂಡು ಏನನ್ನಿಸಿರಬೇಕು ಎಂದು ಯೋಚಿಸಿ ನೋಡಿ. ದೇಹ ಕೊಳೆಯುವ ಬಗೆ ಗೊತ್ತಿಲ್ಲದವರು ಕಂಡದ್ದಕ್ಕೆ ಒಂದು ಅರ್ಥ ಕಟ್ಟಿಕೊಂಡರು, ಅಷ್ಟೆ.

ಹೀಗೆ ಗೋರಿಗಳನ್ನು ಅಗೆಯಲು ಅವರನ್ನು ನೂಕಿದ ಪ್ರಶ್ನೆ ಯಾವುದು? ನನ್ನ ದೃಷ್ಟಿಯಲ್ಲಿ ಲೇಖಕರಿಗೆ ಮುಖ್ಯವಾದದ್ದು ಇದೇ. ಒಂದೇ ಮನೆಯಲ್ಲಿ, ಒಬ್ಬರ ಹಿಂದೆ ಒಬ್ಬರು ಏಕೆ ಸಾಯುತ್ತಿದ್ದಾರೆ ಎಂಬುದು ಆ ಪ್ರಶ್ನೆ. ಸಾಂಕ್ರಾಮಿಕ ರೋಗದ ಅರಿವಿಲ್ಲದ ಕಾಲದಲ್ಲಿ, ಮೊದಲು ಸತ್ತವನೇ ಉಳಿದವರನ್ನು ಕರೆದೊಯ್ಯುತ್ತಿದ್ದಾನೆ ಎಂಬ ಉತ್ತರ ಸಹಜವಾಗಿಯೇ ಹೊಳೆಯಿತು. ಹಳ್ಳಿಯ ವ್ಯಾಂಪೈರ್ ದೂರದ ಕೋಟೆಯಿಂದ ಬಂದ ಅಪರಿಚಿತನಲ್ಲ. ಗಂಡ, ಅಕ್ಕ, ಪಕ್ಕದ ಮನೆಯವನು, ಎಲ್ಲರೂ ಹೆಗಲು ಕೊಟ್ಟು ಹೂತು ಬಂದವನು.

ಇದನ್ನು ನನಗೆ ಅತ್ಯಂತ ನೋವಿನಿಂದ ಮನವರಿಕೆ ಮಾಡಿಸಿದ ಪ್ರಕರಣ ಸೆರ್ಬಿಯಾದ್ದಲ್ಲ, ಅಮೆರಿಕದ್ದು. ರೋಡ್ ಐಲೆಂಡ್ ರಾಜ್ಯದ ಎಕ್ಸೆಟರ್ ಎಂಬಲ್ಲಿ ಜಾರ್ಜ್ ಬ್ರೌನ್ ಎಂಬ ರೈತನ ಹೆಂಡತಿ ಮತ್ತು ಹಿರಿಯ ಮಗಳು ಕ್ಷಯದಿಂದ ತೀರಿಕೊಂಡಿದ್ದರು. 1892ರ ಜನವರಿಯಲ್ಲಿ ಹತ್ತೊಂಬತ್ತು ವರ್ಷದ ಮಗಳು ಮರ್ಸಿಯೂ ಹೋದಳು, ಮಗ ಎಡ್ವಿನ್ ಹಾಸಿಗೆ ಹಿಡಿದಿದ್ದ. ಸತ್ತವರಲ್ಲಿ ಯಾರೋ ಒಬ್ಬರು ಅವನ ಜೀವ ಹೀರುತ್ತಿದ್ದಾರೆ ಎಂದು ನೆರೆಹೊರೆಯವರು ಪಟ್ಟು ಹಿಡಿದರು. ತಂದೆಗೆ ಅದರಲ್ಲಿ ನಂಬಿಕೆಯಿರಲಿಲ್ಲ, ಆದರೂ ಕೊನೆಗೆ ಒಪ್ಪಿದ. ಮಾರ್ಚ್ ತಿಂಗಳಲ್ಲಿ ಶವಪೆಟ್ಟಿಗೆಗಳನ್ನು ತೆರೆದಾಗ, ಚಳಿಗಾಲದಲ್ಲಿ ಸತ್ತು ಎರಡೇ ತಿಂಗಳಾಗಿದ್ದ ಮರ್ಸಿಯ ದೇಹ ಸಹಜವಾಗಿಯೇ ಕೆಡದೆ ಉಳಿದಿತ್ತು. ಶ್ವಾಸಕೋಶದಲ್ಲಿ ಕ್ಷಯದ ಗುರುತುಗಳಿವೆ, ಇದರಲ್ಲಿ ಅಸಹಜವಾದದ್ದೇನೂ ಇಲ್ಲ ಎಂದು ಅಲ್ಲಿದ್ದ ವೈದ್ಯರೇ ಹೇಳಿದರೂ ಕೇಳದೆ, ಅವಳ ಹೃದಯವನ್ನು ಸುಟ್ಟು ಬೂದಿಯನ್ನು ನೀರಿನಲ್ಲಿ ಕಲಸಿ ಅವಳ ಅಣ್ಣನಿಗೆ ಕುಡಿಸಿದರು. ಎರಡು ತಿಂಗಳಲ್ಲಿ ಎಡ್ವಿನ್ ಕೂಡ ಸತ್ತ. ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದು ಪ್ರಕಟಿಸಿ ಆಗಲೇ ಹತ್ತು ವರ್ಷವಾಗಿತ್ತು. ಈ ಪ್ರಕರಣವನ್ನು ಓದುವಾಗ ನನ್ನ ಮನಸ್ಸು ಪಿಶಾಚಿಯ ಕಡೆ ಹೋಗುವುದಿಲ್ಲ. ಮಗನನ್ನಾದರೂ ಉಳಿಸಿಕೊಳ್ಳುತ್ತೇನೆ ಎಂದು ಮಗಳ ಪೆಟ್ಟಿಗೆ ತೆರೆಯಲು ಒಪ್ಪಿದ ಆ ತಂದೆಯ ಕಡೆ ಹೋಗುತ್ತದೆ.

ಈಗ ಪೋರ್ಫಿರಿಯಾ. ಇದು ರಕ್ತದ ಹೀಮ್ ಎಂಬ ಅಂಶ ತಯಾರಾಗುವ ಕ್ರಮದಲ್ಲಿನ ದೋಷದಿಂದ ಬರುವ ಅಪರೂಪದ ಕಾಯಿಲೆಗಳ ಗುಂಪು. ಅವುಗಳಲ್ಲಿ ಕೆಲವು ಬಗೆಯಲ್ಲಿ ಬಿಸಿಲಿಗೆ ಚರ್ಮ ಬೇಯುತ್ತದೆ. 1985ರಲ್ಲಿ ಕೆನಡಾದ ರಸಾಯನ ವಿಜ್ಞಾನಿ ಡೇವಿಡ್ ಡಾಲ್ಫಿನ್ ಇದನ್ನು ವ್ಯಾಂಪೈರ್ ಕಥೆಗಳಿಗೆ ಜೋಡಿಸಿದ ಮೇಲೆ ಈ ಮಾತು ಎಲ್ಲೆಡೆ ಹರಡಿತು. ಆದರೆ ಹಳ್ಳಿಗರು ವರ್ಣಿಸಿದ ವ್ಯಾಂಪೈರ್ ಬಿಳಿಚಿಕೊಂಡದ್ದಲ್ಲ, ಕೆಂಪಗೆ ಉಬ್ಬಿಕೊಂಡದ್ದು. ಬಿಸಿಲಿಗೆ ಬೇಯುವ ಮಾತೇ ಅಲ್ಲಿಲ್ಲ. ಮಿಗಿಲಾಗಿ, ಅವರು ಗುರುತಿಸಿದ್ದು ಹೆಣವನ್ನು, ಬದುಕಿರುವ ರೋಗಿಯನ್ನಲ್ಲ. ಅಂದರೆ ಆ ವಾದ ವಿವರಿಸುವುದು 1922ರ ನಂತರದ ಸಿನಿಮಾದ ಪಿಶಾಚಿಯನ್ನು, ಅದು ಹುಟ್ಟುವ ಇನ್ನೂರು ವರ್ಷ ಹಿಂದಿನ ನಂಬಿಕೆಯನ್ನಲ್ಲ. ರಕ್ತ ಕುಡಿದರೆ ಈ ಕಾಯಿಲೆ ಗುಣವಾಗುವುದೂ ಇಲ್ಲ. ಕಥೆಯ ಕೊನೆಯಲ್ಲಿ ಇದನ್ನು ತರಬೇಡಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ನಿಮ್ಮ ಪುಸ್ತಕ ಓದುವ ತರಗತಿಯಲ್ಲಿ ಚರ್ಮದ ತೊಂದರೆಯಿಂದಾಗಿ ಬಿಸಿಲಿಗೆ ಹೋಗಲಾರದ ಮಗುವೊಂದು ಕುಳಿತಿರಬಹುದು. ವಿಜ್ಞಾನದ ಹೆಸರಿನಲ್ಲಿ ಆ ಮಗುವಿಗೆ ನಾವು ಅಡ್ಡಹೆಸರೊಂದನ್ನು ಕೊಟ್ಟಂತಾಗುತ್ತದೆ.

ಡ್ರಾಕುಲಾ ಹೆಸರಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸ್ಟೋಕರ್ ತೀರಿಕೊಂಡದ್ದು 1912ರಲ್ಲಿ. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ಲೇಖಕನ ಮರಣಾನಂತರ ಅರವತ್ತು ವರ್ಷಕ್ಕೆ ಮುಗಿಯುವುದರಿಂದ ಅವನ ಕಾದಂಬರಿಯೂ ಪಾತ್ರಗಳೂ ಎಲ್ಲರಿಗೂ ಮುಕ್ತವಾಗಿವೆ. ಈಚಿನ ಸಿನಿಮಾ, ಧಾರಾವಾಹಿ ಮತ್ತು ಕಾದಂಬರಿಗಳಲ್ಲಿ ಬಂದ ಹೊಸ ಪಾತ್ರ ಮತ್ತು ಪ್ರಸಂಗಗಳು ಹಾಗಲ್ಲ, ಅವುಗಳಿಂದ ದೂರವಿರಿ. ‘ನೊಸ್ಫೆರಾಟು’ ಚಿತ್ರವನ್ನು ಅನುಮತಿಯಿಲ್ಲದೆ ತೆಗೆದದ್ದಕ್ಕೆ ಸ್ಟೋಕರ್‌ನ ಪತ್ನಿ ದಾವೆ ಹೂಡಿ, 1925ರಲ್ಲಿ ಅದರ ಎಲ್ಲ ಪ್ರತಿಗಳನ್ನೂ ನಾಶಮಾಡಬೇಕೆಂಬ ಆದೇಶ ಪಡೆದಿದ್ದಳು. ಅಲ್ಲಿ ಇಲ್ಲಿ ಉಳಿದ ಪ್ರತಿಗಳಿಂದಾಗಿ ಮಾತ್ರ ಆ ಚಿತ್ರ ಇಂದು ನೋಡಲು ಸಿಗುತ್ತದೆ. ‘ವಂಶ’ದ ವಿಷಯದಲ್ಲೂ ಎಚ್ಚರ ಬೇಕು. ಡ್ರಾಕುಲಾ ಎಂಬ ಹೆಸರಿದ್ದ ಹದಿನೈದನೆಯ ಶತಮಾನದ ದೊರೆ ಮೂರನೆಯ ವ್ಲಾದ್ ಆಳಿದ್ದು ವಲಾಕಿಯಾವನ್ನು, ಸ್ಟೋಕರ್‌ನ ಕೌಂಟ್ ನೆಲೆಸಿದ್ದ ಟ್ರಾನ್ಸಿಲ್ವೇನಿಯಾವನ್ನಲ್ಲ. ಶತ್ರುಗಳನ್ನು ಶೂಲಕ್ಕೇರಿಸಿದ ಕ್ರೂರಿ ಅವನು. ರಕ್ತಪಿಶಾಚಿಯೆಂದು ಅವನ ನಾಡಿನವರು ಅವನನ್ನು ನಂಬಿರಲಿಲ್ಲ. ಸ್ಟೋಕರ್ 1890ರಲ್ಲಿ ವಿಟ್ಬಿ ಎಂಬ ಕಡಲೂರಿನಲ್ಲಿ ಹಳೆಯ ಪುಸ್ತಕವೊಂದರಿಂದ ಆ ಹೆಸರನ್ನು ಎತ್ತಿಕೊಂಡ. ಅದಕ್ಕೂ ಮೊದಲು ಅವನ ಟಿಪ್ಪಣಿಗಳಲ್ಲಿ ಪಾತ್ರದ ಹೆಸರು ‘ಕೌಂಟ್ ವ್ಯಾಂಪೈರ್’ ಎಂದೇ ಇತ್ತು, ಟ್ರಾನ್ಸಿಲ್ವೇನಿಯಾಕ್ಕೆ ಅವನು ಎಂದೂ ಹೋಗಿರಲಿಲ್ಲ. ಹಾಗಿರುವಾಗ, ಒಬ್ಬ ರುಮೇನಿಯನ್ ಹುಡುಗನನ್ನು ಪಿಶಾಚಿಯ ಕುಲದವನೆಂದು ತೋರಿಸುವುದು ನಮ್ಮ ಹುಡುಗನನ್ನು ಹಾವಾಡಿಗರ ಕುಲದವನೆಂದು ಹೊರಗಿನವರು ತೋರಿಸಿದಂತೆಯೇ ಸರಿ. ಅವನ ದೇಶದ ಹೆಸರು ಕಥೆಗೆ ಬೇಕೇಬೇಕೇ ಎಂದು ಒಮ್ಮೆ ಕೇಳಿಕೊಳ್ಳಿ.

ಬೇತಾಳನ ವಿಷಯಕ್ಕೆ ಬರೋಣ. ‘ಛಲ ಬಿಡದ ತ್ರಿವಿಕ್ರಮ’ ಎಂದೊಡನೆ ಹೆಗಲ ಮೇಲಿನ ಶವವನ್ನು ನೆನೆಯುವ ತಲೆಮಾರು ನಮ್ಮದು. ‘ಚಂದಮಾಮ’ದ ಪುಟಗಳಲ್ಲಿ ಅವನನ್ನು ತಿಂಗಳು ತಿಂಗಳೂ ಕಂಡಿದ್ದೇವೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲಿ ಇವನ ಇಪ್ಪತ್ತೈದು ಕಥೆಗಳಿವೆ. 1870ರಲ್ಲಿ ರಿಚರ್ಡ್ ಬರ್ಟನ್ ಇವುಗಳಲ್ಲಿ ಕೆಲವನ್ನು ಇಂಗ್ಲಿಷಿಗೆ ತಂದಾಗ ಬೇತಾಳನನ್ನು ‘ವ್ಯಾಂಪೈರ್’ ಎಂದು ಕರೆದುಬಿಟ್ಟ. ಅಲ್ಲಿಂದ ಶುರುವಾದ ಗೊಂದಲ ಇಂದಿಗೂ ಮುಗಿದಿಲ್ಲ. ಈ ಬೇತಾಳ ಯಾರ ರಕ್ತವನ್ನೂ ಹೀರುವುದಿಲ್ಲ. ಮಸಣದಲ್ಲಿ ಬೇರೆಯವರ ಹೆಣದೊಳಗೆ ಹೊಕ್ಕು, ಕಥೆ ಹೇಳಿ, ನ್ಯಾಯದ ಪ್ರಶ್ನೆ ಕೇಳುತ್ತಾನೆ. ಈ ವ್ಯತ್ಯಾಸದ ಹಿಂದೆ ಒಂದು ಕಾರಣವನ್ನು ನಾನು ಕಾಣುತ್ತೇನೆ. ವ್ಯಾಂಪೈರ್ ಹೂಳುವ ನಾಡಿನ ಜೀವಿ. ಗೋರಿಯಲ್ಲಿ ದೇಹ ಉಳಿದರೆ ತಾನೇ ಅದು ಎದ್ದು ಬರಬೇಕು? ಸುಡುವವರ ದೆವ್ವಕ್ಕೆ ಸ್ವಂತ ದೇಹವಿರುವುದಿಲ್ಲ, ಹಾಗಾಗಿ ಅದು ಇನ್ನೊಬ್ಬರ ಮೈಮೇಲೆ ಬರುತ್ತದೆ, ಮರದಲ್ಲಿ ನೆಲೆಸುತ್ತದೆ, ಪರಿಚಿತರ ದನಿಯಲ್ಲಿ ಬಾಗಿಲಾಚೆಯಿಂದ ಕೂಗುತ್ತದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲೂ ಬೇರೆ ಊರುಗಳಲ್ಲೂ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೂಳುವ ಸಮುದಾಯಗಳೂ ನಮ್ಮಲ್ಲಿ ಸಾಕಷ್ಟಿವೆ. ಆದ್ದರಿಂದ ನಿಮ್ಮ ನಾಯಕಿಯ ಮನೆಯಲ್ಲಿ ಅಣ್ಣನನ್ನು ಸುಟ್ಟರೋ ಹೂತರೋ ಎಂಬುದನ್ನು ನೀವು ಮೊದಲು ತೀರ್ಮಾನಿಸಬೇಕು. ಏನು ಮರಳಿ ಬರಬಹುದು ಎಂಬುದು ಅದನ್ನೇ ಅವಲಂಬಿಸಿದೆ.

ನಮ್ಮದನ್ನೇ ತರುತ್ತೇನೆ ಎಂದರೆ ಅಪಾಯವಿಲ್ಲ ಎಂದುಕೊಳ್ಳಬೇಡಿ. ಮೋಹಿನಿಯ ಕಥೆಗಳಲ್ಲಿ ಅಕಾಲದಲ್ಲಿ ಸತ್ತ ಹೆಣ್ಣನ್ನೇ ಮತ್ತೆ ಕೆಡುಕಿಯನ್ನಾಗಿಸುವ ಅಭ್ಯಾಸವಿದೆ. ಅದನ್ನು ಹಾಗೆಯೇ ದಾಟಿಸಿದರೆ ನಿಮ್ಮ ಓದುಗಿಯರಿಗೆ ನ್ಯಾಯವಾಗುವುದಿಲ್ಲ. ತುಳುನಾಡಿನ ದೈವಗಳನ್ನು ಮಾತ್ರ ದಯವಿಟ್ಟು ಈ ಸಾಲಿಗೆ ಸೇರಿಸಬೇಡಿ. ‘ಭೂತ’ ಎಂಬ ಪದ ಕೇಳಿ ದೆವ್ವವೆಂದು ತಿಳಿದು ಬರೆದ ಹಸ್ತಪ್ರತಿಗಳು ನನ್ನ ಬಳಿ ಬಂದಿವೆ. ಅದು ಇಂದಿಗೂ ಜನ ನಡೆದುಕೊಳ್ಳುವ ಆರಾಧನೆ, ನ್ಯಾಯ ಕೇಳಲು ಹೋಗುವ ಸನ್ನಿಧಿ.

ನೀವು ಕೇಳದೇ ಇದ್ದರೂ ಹೇಳಲೇಬೇಕಾದ ಒಂದು ಮಾತಿದೆ. ನೂರೈವತ್ತು ವರ್ಷ ಬದುಕಿದವನು ಹದಿನಾರರ ಹುಡುಗಿಯನ್ನು ಪ್ರೀತಿಸುವುದನ್ನು ನೀವು ಕೋಮಲವಾಗಿ ಬರೆದಿರಬಹುದು. ಆದರೆ ಆ ಹುಡುಗನ ಮುಖವನ್ನು ಮರೆತು ಸಂಬಂಧವನ್ನಷ್ಟೇ ನೋಡಿ: ಅನುಭವ, ಬಲ, ಗುಟ್ಟು ಎಲ್ಲವೂ ಅವನ ಕಡೆಗಿವೆ, ಅವನ ಹಸಿವೆಗೆ ಬೇಕಾದದ್ದು ಅವಳ ಮೈಯಲ್ಲಿದೆ. ಓದಿನ ಶಿಬಿರವೊಂದರಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ಇಂಥದೇ ಕಥೆ ಕೇಳಿ, ‘ಅವನು ಕಚ್ಚದೆ ಇರುವುದನ್ನೇ ಪ್ರೀತಿ ಅನ್ನಬೇಕಾ ಮೇಡಂ?’ ಎಂದು ಕೇಳಿದ್ದಳು. ಆ ಪ್ರಶ್ನೆಯನ್ನು ನಿಮ್ಮ ನಾಯಕಿಯೂ ಕೇಳುವಂತಿದ್ದರೆ ಈ ಪ್ರೇಮಕಥೆಯನ್ನು ಉಳಿಸಿಕೊಳ್ಳಬಹುದು. ಅವಳಿಗೆ ಕೇಳುವ ಅವಕಾಶವೇ ಇಲ್ಲದಿದ್ದರೆ, ಬೆದರಿಕೆಯನ್ನು ಒಲವೆಂದು ಓದಲು ಹದಿನಾರರ ಮನಸ್ಸುಗಳಿಗೆ ನಾವೇ ಕಲಿಸಿದಂತಾಗುತ್ತದೆ.

ಮೌಢ್ಯದ ಹೆದರಿಕೆಗೆ ನನ್ನ ಉತ್ತರ ಇಷ್ಟೇ. ಪಿಶಾಚಿ ಇರುವ ಕಥೆ ಓದಿ ಮಕ್ಕಳು ಪಿಶಾಚಿಯನ್ನು ನಂಬುವುದಿಲ್ಲ. ಕಥೆಯೆಂದರೆ ಏನೆಂದು ಅವರಿಗೆ ಚೆನ್ನಾಗಿ ಗೊತ್ತು. ಹಾನಿಯಾಗುವುದು, ಊರವರು ಯಾರನ್ನೋ ಬೊಟ್ಟು ಮಾಡಿದ್ದೇ ಸರಿ ಎಂದು ಕಥೆ ಒಪ್ಪಿಕೊಂಡಾಗ. 1755ರಲ್ಲಿ ಆಸ್ಟ್ರಿಯಾದ ರಾಣಿ ಮಾರಿಯಾ ತೆರೇಸಾ ತನ್ನ ವೈದ್ಯ ಗೆರಾರ್ಡ್ ಫಾನ್ ಸ್ವೀಟನ್ ಕೊಟ್ಟ ವರದಿಯ ಮೇಲೆ, ಹೆಣಗಳನ್ನು ಅಗೆದು ಸುಡುವುದನ್ನು ತನ್ನ ರಾಜ್ಯದಲ್ಲಿ ನಿಷೇಧಿಸಿದಳು. ಅವಳು ತಡೆದದ್ದು ಜನ ಕಥೆ ಹೇಳುವುದನ್ನಲ್ಲ, ಗುದ್ದಲಿ ಹಿಡಿಯುವುದನ್ನು.

ಇನ್ನು ನಿಮ್ಮ ಮುಂದಿರುವ ದಾರಿಗಳು. ರುಮೇನಿಯಾದ ಹುಡುಗನನ್ನೇ ಇಟ್ಟುಕೊಂಡು ಮುಂದುವರಿಯಬಹುದು. ಹದಿಹರೆಯದವರಿಗೆ ಆ ಬಗೆಯ ಕಥೆ ಇಷ್ಟವೂ ಹೌದು. ಆದರೆ ಅಂಥವು ಇಂಗ್ಲಿಷಿನಲ್ಲಿ ರಾಶಿಯಿವೆ, ಅವನ್ನು ಓದಿದ ಮಕ್ಕಳು ನಿಮ್ಮ ಕಥೆಯನ್ನು ಅವುಗಳ ಪಕ್ಕದಲ್ಲಿಟ್ಟೇ ನೋಡುತ್ತಾರೆ. ಅವನನ್ನು ಪೂರಾ ಕೈಬಿಟ್ಟು ಮಲೆನಾಡಿನ ದೆವ್ವವನ್ನು ತರಬಹುದು. ಆಗ ನೀವು ಹಿರಿಯರ ಬಳಿ ಕೂತು ಕೇಳಿ ಬರೆಯಬೇಕಾಗುತ್ತದೆ, ವರ್ಷವೊಂದು ಹಿಡಿಯಬಹುದು. ನನ್ನ ಮನಸ್ಸು ಹರಿಯುವುದು ಮೂರನೆಯದರ ಕಡೆಗೆ. ಅದರ ಸಾಮಗ್ರಿ ನಿಮ್ಮ ಪತ್ರದಲ್ಲಿಯೇ ಇದೆ, ನೀವು ಅದನ್ನು ಹಿನ್ನೆಲೆಯ ವಿವರವೆಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಮರಳಿ ಬರುವವನು ಅಣ್ಣನೇ ಆದರೆ? ಅವನು ಬರಲಿ ಎಂದು ಮನೆಯವರೆಲ್ಲ ಹಂಬಲಿಸುತ್ತಿರುವಾಗ, ಅವನು ಬಂದ ಮೇಲೆ ಒಬ್ಬೊಬ್ಬರೇ ಸೊರಗತೊಡಗಿದರೆ, ಅದನ್ನು ಮೊದಲು ಗಮನಿಸುವವಳು ತಂಗಿಯೇ ಆದರೆ, ಬಾಗಿಲು ತೆರೆಯಬೇಕೋ ಬೇಡವೋ ಎಂಬುದು ಅವಳ ತೀರ್ಮಾನವಾಗುತ್ತದೆ. ಇದರ ಅಪಾಯವನ್ನೂ ಹೇಳುತ್ತೇನೆ: ಒಡಹುಟ್ಟಿದವರನ್ನು ಕಳೆದುಕೊಂಡ ಓದುಗರಿಗೆ ಇದು ಹಸಿ ಗಾಯವನ್ನು ಮುಟ್ಟಿದಂತಾಗಬಹುದು. ಆದ್ದರಿಂದ ಅಣ್ಣನನ್ನು ಗೂಟಕ್ಕೆ ಕೊಟ್ಟು ಮುಗಿಸುವ ಕೊನೆಯನ್ನು ಬರೆಯಬೇಡಿ. ಅವನನ್ನು ಬೀಳ್ಕೊಡುವ ಬಗೆಯನ್ನು ಹುಡುಕಿ. ನಿಯಮಗಳನ್ನು ಆ ಮನೆಯೊಳಗಿಂದಲೇ ಎತ್ತಿಕೊಳ್ಳಿ. ಸ್ಲಾವ್ ಜನ ಗೋರಿಯ ಸುತ್ತ ಗಸಗಸೆ ಚೆಲ್ಲಿ, ಸತ್ತವನು ಅದನ್ನು ಎಣಿಸುವಷ್ಟರಲ್ಲಿ ಬೆಳಗಾಗುತ್ತದೆ ಎಂದು ನಂಬಿದ್ದರು. ಬೆಳ್ಳುಳ್ಳಿ ಶಿಲುಬೆಗಳನ್ನು ಸಾಲ ತರುವುದಕ್ಕಿಂತ ನಿಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಅಂಥದ್ದೇನಿದೆ ಎಂದು ನೋಡುವುದು ಮೇಲು.

ನೀವು ಒಪ್ಪುವುದಾದರೆ ಕಾದಂಬರಿ ಶುರುವಾಗುವುದು ಕಾಲೇಜಿನಲ್ಲಲ್ಲ, ಜಗುಲಿಯಲ್ಲಿ. ಕಿಸಿಲ್ಯೆವೊದಲ್ಲಿ ಗಂಡ ಬಂದು ಚಪ್ಪಲಿ ಕೇಳಿದ ಮೇಲೆ ಹೆಂಡತಿ ಊರು ಬಿಟ್ಟಳು. ನಿಮ್ಮ ಅಜ್ಜಿ ಚಪ್ಪಲಿಯನ್ನು ತಾನೇ ಎತ್ತಿಡದೆ ಕಾಯುತ್ತಿದ್ದಾಳೆ. ಮಳೆ ಜೋರಾಗಿರುವ ಒಂದು ಬೆಳಿಗ್ಗೆ ತಂಗಿ ಎದ್ದು ಬಂದಾಗ, ಅಲ್ಲಿ ಆ ಚಪ್ಪಲಿ ಇರಬಾರದು.